ಉಂಗುರವಾಗದೆ ಉಳಿದ ಏಳು ಮುತ್ತು

ಅಳತೆಯುಂಗುರಗಳ ಗೊಂಚಲು ಗಾಜಿನ ಮೇಜಿನ ಮೇಲೆ ಝಲ್ಲೆಂದು ಬಿತ್ತು. ಅಂಕೋಲೆ ಪೇಟೆಯ ಸೋಮು ಶೇಟರ ಅಂಗಡಿಯಲ್ಲಿ ದಿನಕ್ಕೆ ಒಮ್ಮೆಯಾದರೂ ಆ ಸದ್ದು ಕೇಳುತ್ತಿತ್ತು. ಮಗುವಿನ ಕಿರುಬೆರಳಿನಿಂದ ಹಿಡಿದು ದೋಣಿ ಎಳೆಯುವವನ ಹೆಬ್ಬೆರಳಿನವರೆಗೆ ಎಲ್ಲ ಅಳತೆಯ ಹಿತ್ತಾಳೆ ಉಂಗುರಗಳು, ಒಂದೇ ತಂತಿಗೆ ಪೋಣಿಸಿದವು. ಅದು ಝಲ್ಲೆಂದರೆ ಸಾಕು, ಪಕ್ಕದ ಹೂವಿನ ಅಂಗಡಿಯವಳು ಕತ್ತು ಚಾಚಿ, "ಯಾರ ಮನೇಲೇ ಮದುವೆ?" ಎಂದು ಕೂಗುತ್ತಿದ್ದಳು.

2007ರ ಜನವರಿಯ ಆ ಬೆಳಿಗ್ಗೆಯೂ ಕೂಗಿದಳು.

"ನಮ್ಮ ಮನೇಲಿ!" ಎಂದು ಒಳಗಿನಿಂದಲೇ ಉತ್ತರ ಕೊಟ್ಟವಳು ಬೊಬ್ರುವಾಡದ ಬೀರಮ್ಮ. ಅವಳ ಪಕ್ಕದಲ್ಲಿ ಶಿರವಾಡದ ವಿಜೇತಾ ಕೂತಿದ್ದಳು. ಬೀರಮ್ಮನ ಮಗ ನಿತೇಶನಿಗೆ ಗೊತ್ತಾದ ಹುಡುಗಿ. ಮೇಜಿನ ಈಚೆ ಕಡೆ ಶೇಟರ ಒಬ್ಬಳೇ ಮಗಳು ವೈಜಯಂತಿ. ತಂದೆಯ ಕಣ್ಣು ಮಂಜಾದ ಮೇಲೆ ಅಗ್ಗಿಷ್ಟಿಕೆಯ ಮುಂದೆ ಕೂತು ಕೆಲಸ ಮಾಡುವವಳು ಅವಳೇ.

"ಅಳತೆ ಸರಿಯಾಗಿ ತಕೋ ಮಾರಾಯ್ತಿ. ನನ್ನ ಮದುವೆಗೆ ನಿನ್ನ ಅಜ್ಜ ಮಾಡಿದ ಉಂಗುರ ತೆಗೂಕೆ ಸಾಬೂನು ಹಚ್ಚಬೇಕಾತು. ಮೂರು ದಿವಸ ಬೆರಳು ಬದನೆಕಾಯಿ ಆಗಿತ್ತು."

ವಿಜೇತಾ ನಕ್ಕು ಕೈ ಚಾಚಿದಳು. ವೈಜಯಂತಿ ಒಂದೊಂದೇ ಉಂಗುರ ತೊಡಿಸಿ ತೆಗೆದಳು. ಒಂದು ಗೆಣ್ಣಿನಲ್ಲಿ ಸಿಕ್ಕಿತು, ಒಂದು ಸಡಿಲವಾಯಿತು. ಆಗ ಹುಡುಗಿಯೇ ಗೊಂಚಲಿನಿಂದ ತೆಳ್ಳಗಿನದೊಂದನ್ನು ಹೆಕ್ಕಿ ಬೆರಳಿಗೆ ಹಾಕಿಕೊಂಡಳು. ಅದು ಎಲ್ಲೂ ತಡೆಯದೆ ಬುಡದವರೆಗೆ ಇಳಿದು ಕೂತಿತು.

"ಇದು ಸಮಾ ಆಯ್ತು ನೋಡಿ. ಅಕ್ಕಾ, ಇದು ಹಿತ್ತಾಳೆ ಅಲ್ಲ ಅಲ್ದಾ?"

"ಅಲ್ಲ."

"ಮತ್ತೆ ಇದರಲ್ಲಿ ಎಂತಕೆ ಪೋಣಿಸಿದ್ರಿ?"

"ಗಿರಾಕಿ ಒಬ್ಬಳು ಬಿಟ್ಟುಹೋದದ್ದು. ಅಳತೆಗಾದ್ರೂ ಆಗ್ಲಿ ಅಂತ."

ವೈಜಯಂತಿ ಉಳಿದವನ್ನು ತೆಗೆದ ಹಾಗೆಯೇ ಮೆಲ್ಲಗೆ ಅದನ್ನು ಬಿಡಿಸಿಕೊಂಡು, ಗೊಂಚಲನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಒಂದೂಕಾಲು ವರ್ಷದಿಂದ ಅವಳು ಕಾಯುತ್ತಿದ್ದ ದಿನ ಮೇಜಿನ ಮುಂದೆ ಬಂದು ಕೂತು, ಶರಬತ್ತು ಕುಡಿದು, ಎದ್ದುಹೋಯಿತು.

ವೈಜಯಂತಿ ತಾಯಿಯ ಮುಖ ನೆನಪಿಲ್ಲದೆ ಬೆಳೆದವಳು. ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು ತಂದೆಯ ಎದುರು ಕೂರುತ್ತಿದ್ದಳು. ಊದುಗೊಳವೆಯಲ್ಲಿ ಉಸಿರು ಕಡಿಯದೆ ಊದುವುದನ್ನು ಹತ್ತನೇ ವಯಸ್ಸಿಗೇ ಕಲಿತಳು. ಹೆಣ್ಣುಮಗಳನ್ನು ಬೆಂಕಿಯ ಮುಂದೆ ಕೂರಿಸುತ್ತಾನಲ್ಲ ಎಂದು ನಂಟರು ಆಡಿಕೊಂಡರೆ, ಶೇಟರು, "ನನ್ನ ಕಣ್ಣು ಅವಳ ಮುಖದಲ್ಲಿದೆ" ಎಂದುಬಿಡುತ್ತಿದ್ದರು. ಅವರು ಮಗಳಿಗೆ ಕಲಿಸಿದ ಮೊದಲ ಪಾಠ ಹಳೆಯ ಒಡವೆ ಕರಗಿಸುವುದರ ಬಗ್ಗೆ. ಚಿನ್ನ ಬೆಂಕಿಗೆ ಬಿದ್ದರೆ ಹಿಂದೆ ತಾನು ಏನಾಗಿದ್ದೆನೆಂಬುದನ್ನೆಲ್ಲ ಮರೆಯುತ್ತದೆ, ಮುತ್ತು ಸುಟ್ಟು ಸುಣ್ಣವಾಗುತ್ತದೆ. ಹಾಗಾಗಿ ಮೊದಲು ಮುತ್ತು ಬಿಚ್ಚಬೇಕು. ಬಿಚ್ಚಿದ್ದನ್ನು ಕಾಗದದಲ್ಲಿ ಕಟ್ಟಿ ಒಡವೆಯ ಯಜಮಾನರ ಕೈಗೇ ಕೊಡಬೇಕು, ಬೇರೆಯವರ ಕೈಗಲ್ಲ.

ನಿತೇಶ ಅವಳಿಗೆ ಸಿಕ್ಕಿದ್ದು ಬೆಳಗಿನ ಕಾರವಾರದ ಬಸ್ಸಿನಲ್ಲಿ. ಅವಳು ಕಾಲೇಜಿಗೆ, ಅವನು ಐಟಿಐಗೆ. ಓದು ಮುಗಿದ ಮೇಲೂ ಬುಧವಾರ ಬುಧವಾರ ಒಡವೆಗಳಿಗೆ ಮೆರುಗು ಹಾಕಿಸುವ ನೆಪದಲ್ಲಿ ಅವಳು ಕಾರವಾರಕ್ಕೆ ಹೋಗುತ್ತಿದ್ದಳು. ಅವನು ಆಗ ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದ. ಬಿಣಗಾ ಘಟ್ಟದ ತಿರುವುಗಳಲ್ಲಿ ಬಸ್ಸು ಓಲಾಡಿದಾಗ ಇಬ್ಬರ ಭುಜ ತಾಗುತ್ತಿದ್ದವು. ಸಮುದ್ರ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿತ್ತು. ಆ ವಯಸ್ಸಿನಲ್ಲಿ ಅಷ್ಟು ಸಾಕಾಗಿತ್ತು.

2002ರ ಜನವರಿಯಲ್ಲಿ ಶೇಟರು ಕಣ್ಣಿನ ಆಪರೇಷನ್‌ಗೆಂದು ಹುಬ್ಬಳ್ಳಿಗೆ ಹೋಗಿದ್ದಾಗ ನಿತೇಶ ಅಂಗಡಿಗೆ ಬಂದ. ಕರವಸ್ತ್ರದ ಗಂಟು ಬಿಚ್ಚಿದ. ಒಳಗೆ ಹಳೆಯ ಕಾಲದ ಬುಗುಡಿ. ಕಿವಿಯ ಮೇಲಂಚಿಗೆ ಇಟ್ಟುಕೊಳ್ಳುವಂಥದು, ಸುತ್ತ ಏಳು ಮುತ್ತು.

"ಅಜ್ಜಿದು. ನಂಗೆ ಅಂತ ಇಟ್ಟಿದ್ಲು. ಒಂದು ಉಂಗುರ ಮಾಡಿಕೊಡು."

"ಒಂದೇ ಉಂಟಲ್ಲೋ? ಜೋಡಿ ಎಲ್ಲಿ?"

"ಇನ್ನೊಂದು ಎಂದೋ ಬಿದ್ದುಹೋಯ್ತಂತೆ."

"ಅಳತೆ?"

"ನಿನ್ನ ಬೆರಳಿಂದೇ ತಕೋ. ಅಂಥದ್ದೇ ಒಂದು ಬೆರಳಿಗೆ."

ತಂದೆ ಪಕ್ಕದಲ್ಲಿ ಇಲ್ಲದೆ ಅವಳೊಬ್ಬಳೇ ಮಾಡಿದ ಮೊದಲ ಉಂಗುರ ಅದು. ಮುತ್ತುಗಳನ್ನು ಬಿಡಿಸುವಾಗ ನೋಡಿದಳು: ಒಂದರ ಮೇಲೆ ಎಳ್ಳಿನಷ್ಟು ಕಂದು ಚುಕ್ಕೆಯಿತ್ತು. ಕಾಗದದಲ್ಲಿ ಕಟ್ಟಿ ಕೊಡಹೋದರೆ ನಿತೇಶ, "ಅದನ್ನ ಎಲ್ಲಿ ಇಟ್ಕಳ್ಳೂದು? ಬಿಸಾಡು" ಎಂದ. ಬಿಸಾಡಲು ಅವಳಿಗೆ ಕೈ ಬರಲಿಲ್ಲ. ಖಾಲಿ ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಕಪಾಟಿನ ಮೂಲೆಯಲ್ಲಿಟ್ಟಳು.

ಫೆಬ್ರವರಿಯ ಒಂದು ಸಂಜೆ ಕಾರವಾರದ ಕಡಲದಂಡೆಯಲ್ಲಿ, ಗಾಳಿಮರಗಳ ಕೆಳಗೆ, ಅವನು ಅದೇ ಉಂಗುರವನ್ನು ಅವಳ ಬೆರಳಿಗೆ ತೊಡಿಸಿದ.

"ಇದಕ್ಕೆ ಪ್ರಾಮಿಸ್ ರಿಂಗ್ ಅಂತಾರೆ. ನಿಶ್ಚಯದ್ದಲ್ಲ, ಮಾತಿಂದು. ನಾ ಕಾಯಂ ಆಗೂವರೆಗೆ ಇದು. ಆಮೇಲೆ ದೊಡ್ಡದು."

"ನನ್ನ ಕೈಯಿಂದ ಮಾಡಿಸಿ ನಂಗೇ ಹಾಕ್ತ್ಯಲ್ಲೋ ಕಳ್ಳಾ. ಕೂಲಿ ಯಾರು ಕೊಡ್ತಾರೆ?"

"ಜನ್ಮಪೂರ್ತಿ ದುಡದು ತೀರಿಸ್ತೆ."

ಅವಳು ನಕ್ಕಳು. 'ಕಳ್ಳಾ' ಎಂದದ್ದು ಮುದ್ದಿಗೆ. ಅದು ನಿಜವೆಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಮಳೆ ಹಿಡಿದ ಮೊದಲ ವಾರ ಅಂಗಡಿಯ ಸೂರಿನಡಿ ಒಬ್ಬ ಹೆಂಗಸು ಬಂದು ನಿಂತಳು. ಬೀರಮ್ಮನ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಗುಡಿಸಿ ಒರೆಸುವ ಬೊಮ್ಮಿ. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಕರೆದರೂ ಬರಲಿಲ್ಲ.

"ತಂಗೀ, ಯಾರಾರೂ ನಿಮ್ಮಲ್ಲಿ ಒಂಟಿ ಬುಗುಡಿ ಕೊಡೂಕೆ ಬಂದಿದ್ರಾ? ಏಳು ಮುತ್ತಿಂದು. ನಮ್ಮ ಬೀರಮ್ಮನ ಅವ್ವಿದು. ಕಸ ಗುಡ್ಸೂವಾಗ ನಂಗೆ ಸಿಕ್ಕಿತ್ತು, ನಾ ಇಟ್ಕಂಡೆ ಅಂತಾರೆ. ನಾ ಕಣ್ಣಲ್ಲಿ ಕಂಡಂವಳಲ್ಲ. ಯಾರು ತಂದದ್ದು ಅಂತ ನೀ ಒಂದು ಮಾತು ಹೇಳಿದ್ರೆ ನನ್ನ ಜೀವ ಉಳೀತದೆ."

ವೈಜಯಂತಿಯ ಎಡಗೈ ಮೇಜಿನ ಮೇಲಿತ್ತು. ಅದನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು.

"ಇಲ್ಲ ಬೊಮ್ಮಕ್ಕಾ. ನಮ್ಮಲ್ಲಿ ಯಾರೂ ಬರ್ಲಿಲ್ಲ."

"ಹಂಗಾದ್ರೆ ಬಂದಿರೂದಿಲ್ಲ ಬಿಡು. ಶೇಟರ ಅಂಗಡೀಲಿ ಸುಳ್ಳು ಹೇಳೂದಿಲ್ಲ" ಎಂದು ಬೊಮ್ಮಿ ಮಳೆಯಲ್ಲೇ ಇಳಿದು ಹೋದಳು.

ಆ ಬುಧವಾರ ಕಾರವಾರದಲ್ಲಿ ನಿತೇಶ ಏನನ್ನೂ ಮುಚ್ಚಿಡಲಿಲ್ಲ. ತನ್ನ ಜಾಣತನವನ್ನು ವಿವರಿಸುವವನಂತೆ ಹೇಳಿದ: "ಎರಡೂ ತೆಗದ್ರೆ ಕಳವು ಅಂತಾರೆ. ಒಂದೇ ತೆಗದ್ರೆ ಎಲ್ಲೋ ಬಿದ್ದುಹೋಯ್ತು ಅಂತಾರೆ. ಹಂಗಾಗಿ ಒಂದೇ ತೆಗದೆ. ಅಮ್ಮ ಬೊಮ್ಮಿ ಮೇಲೆ ಹೋಗ್ತಾಳೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಇವತ್ತೇ ಹೋಗಿ ಹೇಳು."

"ಹೇಳ್ತೆ, ನಮ್ಮ ಮದುವೆ ಆದ್ಮೇಲೆ. ಈಗ ಹೇಳಿದ್ರೆ ಅಮ್ಮ ನಿನ್ನನ್ನ ಹೊಸ್ತಿಲು ದಾಟೂಕೆ ಬಿಡ್ತಾಳಾ?"

ಅವಳು ಒಪ್ಪಿದಳು. ಹೆದರಿದಳು, ಆಸೆಪಟ್ಟಳು, ಒಪ್ಪಿದಳು. ಅದೇ ವಾರ ಬೀರಮ್ಮ ನೆರೆಮನೆಯವರ ಎದುರು ಬೊಮ್ಮಿಯನ್ನು ಅಂಗಳದಲ್ಲಿ ನಿಲ್ಲಿಸಿ, ಎಲೆಯಡಿಕೆ ಸಂಚಿಯನ್ನು ಬೋರಲು ಹಾಕಿಸಿ, ಸೆರಗು ಕೊಡವಿಸಿದಳು. ಏನೂ ಬೀಳಲಿಲ್ಲ. ಆದರೂ ಕೆಲಸ ಹೋಯಿತು. ಬೊಮ್ಮಿ ತವರೂರಾದ ಹಿಲ್ಲೂರಿನ ಬಸ್ಸು ಹತ್ತಿದಳು. ಈ ಸುದ್ದಿಯನ್ನು ಹೂವಿನ ಅಂಗಡಿಯವಳು ಹೇಳುವಾಗ ವೈಜಯಂತಿ ಅರ ಹಿಡಿದು ಒಂದು ಬಳೆಯನ್ನು ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಬಳೆಯ ಹೂವೇ ಅಳಿಸಿಹೋಗಿತ್ತು.

ಮೂರು ವರ್ಷ ಕಳೆದು ನಿತೇಶ ಕಾಯಂ ಆದ. ಬುಧವಾರಗಳು ತಪ್ಪತೊಡಗಿದವು. 2005ರ ಮಳೆಗಾಲದ ಕೊನೆಗೆ ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ, ಅಂಕೋಲೆಯ ಬಸ್ಸು ಹೊರಡಲು ಐದು ನಿಮಿಷ ಇರುವಾಗ, ಅವನು ಮಾತು ತೆಗೆದ. ಅಮ್ಮ ಒಪ್ಪುವುದಿಲ್ಲ. ನೀವು ಶೇಟರು, ನಾವು ಬೇರೆ. ತಂಗಿಯ ಮದುವೆಗೆ ತೊಂದರೆಯಾಗುತ್ತದೆ. ಕಂಡಕ್ಟರ್ ಸೀಟಿ ಹೊಡೆದ.

"ಮತ್ತೆ ಇದು?" ಎಂದು ಅವಳು ಬೆರಳು ತೋರಿಸಿದಳು.

"ಇಟ್ಕೋ. ಬೇಕಾದ್ರೆ ಕರಗಿಸು. ಅದೇನು ಮಹಾ ಚಿನ್ನ."

ಬಸ್ಸಿನಲ್ಲಿ ಅವಳು ಅಳಲಿಲ್ಲ. ತನ್ನನ್ನು ಬಿಟ್ಟನೆಂಬುದಕ್ಕಿಂತ ಆ ಕೊನೆಯ ಮಾತು ಸುಡುತ್ತಿತ್ತು. ಮಹಾ ಅಲ್ಲದ ಆ ಚಿನ್ನಕ್ಕಾಗಿ ಒಬ್ಬಳು ಅಂಗಳದಲ್ಲಿ ಸೆರಗು ಕೊಡವಿದ್ದಳು. ಇನ್ನೊಬ್ಬಳು ಮೂರು ವರ್ಷ ಸುಳ್ಳನ್ನು ಬೆರಳಲ್ಲಿಟ್ಟುಕೊಂಡು ಓಡಾಡಿದ್ದಳು. ಮರುದಿನ ಬೆಳಿಗ್ಗೆ ಉಂಗುರ ಕಳಚಿ ಮೂಸೆಯ ಬಾಯಿಯವರೆಗೂ ಒಯ್ದಳು. ಅಲ್ಲಿ ಕೈ ನಿಂತಿತು. ಕರಗಿಸಿದರೆ ಅದು ಎಲ್ಲವನ್ನೂ ಮರೆತುಬಿಡುತ್ತದೆ. ಅವನಿಗೆ ಬೇಕಾಗಿರುವುದೂ ಅದೇ. ಅವಳು ಅದನ್ನು ಅಳತೆಯುಂಗುರಗಳ ತಂತಿಗೆ ಪೋಣಿಸಿ, ದಿನಾ ಕಣ್ಣಿಗೆ ಬೀಳುವ ಹಾಗೆ ಮೊಳೆಗೆ ಹಾಕಿದಳು.

ಆಮೇಲಿನ ಒಂದೂಕಾಲು ವರ್ಷ ಅವಳು ಹಗೆಯನ್ನು ಮೂಸೆಯೊಳಗಿನ ಚಿನ್ನದ ಹಾಗೆ ನೋಡಿಕೊಂಡಳು. ಜಾಸ್ತಿ ಊದಿದರೆ ಸಿಡಿಯುತ್ತದೆ, ಊದುವುದು ಬಿಟ್ಟರೆ ಹೆಪ್ಪುಗಟ್ಟುತ್ತದೆ. ನೋಡಲು ಬಂದ ಎರಡು ಗಂಡುಗಳನ್ನು ಬೇಡವೆಂದಳು. ಎಲ್ಲಿಗೂ ಹೋಗಿ ಕೂಗಾಡಲಿಲ್ಲ. ಬೀರಮ್ಮನ ಮನೆಯ ಮಂಗಳದ ಚಿನ್ನ ಮೂರು ತಲೆಮಾರಿನಿಂದ ಶೇಟರಲ್ಲಿ ಬಿಟ್ಟು ಬೇರೆಲ್ಲೂ ಆದದ್ದಿಲ್ಲ. ಅವನು ಎಲ್ಲಿಗೆ ಓಡಿದರೂ ಅವನ ಉಂಗುರ ತನ್ನ ಕೈಗೆ ಬರಲೇಬೇಕು.

ಅಳತೆ ಕೊಟ್ಟುಹೋದ ಮರುದಿನ ಅಂಗಡಿಯ ಫೋನ್ ಹೊಡೆದುಕೊಂಡಿತು.

"ವೈಜು, ನಾನು. ಬೇರೆ ಕಡೆ ಮಾಡ್ಸುವಾ ಅಂದೆ, ಅಮ್ಮ ಕೇಳ್ಲಿಲ್ಲ. ನೀ ಬೇಜಾರು ಮಾಡ್ಕಬೇಡ."

"ಬೇಜಾರು ಎಂತಕೆ? ಹುಡುಗಿ ಚೆಂದಿದ್ದಾಳೆ. ಅವಳ ಬೆರಳು ನನ್ನ ಬೆರಳಿನಷ್ಟೇ ಅದೆ. ಗೊತ್ತುಂಟಾ?"

"ನೀ ಎಂಥದೂ ಮಾಡೂದಿಲ್ಲ ಅಲ್ದಾ?"

"ಉಂಗುರ ಮಾಡ್ತೆ" ಎಂದು ಅವಳು ಫೋನ್ ಇಟ್ಟಳು.

ಏನೇನು ಮಾಡಬಹುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೂದಲೆಳೆಯಷ್ಟು ಬಿಗಿ ಮಾಡಿದರೆ ಎಲ್ಲರೆದುರು ಗೆಣ್ಣಿನಲ್ಲಿ ಸಿಕ್ಕಿ ನಿಲ್ಲುತ್ತದೆ. ಬೆಸುಗೆಯನ್ನು ಹುಸಿಯಾಗಿ ಬಿಟ್ಟರೆ ತಿಂಗಳೊಳಗೆ ಬಾಯಿ ಬಿಡುತ್ತದೆ. ಒಮ್ಮೆ ಹಾಗೆ ಮಾಡಲು ಶುರುವನ್ನೂ ಮಾಡಿದಳು. ಆದರೆ ಕೆಟ್ಟ ಉಂಗುರ ತಂದೆಯ ಹೆಸರನ್ನು ಕೆಡಿಸುತ್ತದೆ, ನೋವಾಗುವುದು ಏನೂ ಅರಿಯದ ಹುಡುಗಿಯ ಬೆರಳಿಗೆ. ಅವಳಿಗೆ ಬೇಕಾದ ಮನುಷ್ಯ ಅಲ್ಲಿ ತಪ್ಪಿಸಿಕೊಳ್ಳುತ್ತಾನೆ. ಬಿಗಿಯಾದುದನ್ನು ಮತ್ತೆ ಮೂಸೆಗೆ ಹಾಕಿ ಹೊಸತಾಗಿ ಮಾಡಿದಳು. ಎರಡು ಎಲೆಗಳ ನಡುವೆ ಒಂದು ಕೆಂಪು ಕಲ್ಲು. ಅಷ್ಟು ಚೆಂದದ ಉಂಗುರವನ್ನು ಅವಳು ಅದಕ್ಕೂ ಮುಂಚೆ ಮಾಡಿರಲಿಲ್ಲ.

ನಿಶ್ಚಯಕ್ಕೆ ಎರಡು ದಿನ ಇರುವಾಗ ಹಿಲ್ಲೂರಿಗೆ ಹೋದಳು. ಬೊಮ್ಮಿ ಅಂಗಳದಲ್ಲಿ ಕಾಲು ಚಾಚಿ ಕೂತು ತೆಂಗಿನ ಗರಿಯಿಂದ ಕಡ್ಡಿ ಬಿಡಿಸಿ ಪೊರಕೆ ಕಟ್ಟುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ವೈಜಯಂತಿ ಎದುರು ಕೂತು ಉಂಗುರವನ್ನೂ ಬೆಂಕಿಪೆಟ್ಟಿಗೆಯನ್ನೂ ಮುಂದಿಟ್ಟು ಎಲ್ಲ ಹೇಳಿದಳು. ಬೊಮ್ಮಿಯ ಕತ್ತಿ ನಿಲ್ಲಲಿಲ್ಲ. ಕಡ್ಡಿಗಳು ಒಂದೊಂದಾಗಿ ಪಕ್ಕಕ್ಕೆ ಬೀಳುತ್ತಲೇ ಇದ್ದವು.

"ನಾ ಬಂದ ದಿವಸ ಅದು ನಿನ್ನ ಬೆರಳಲ್ಲೇ ಇತ್ತನೆ?"

"ಇತ್ತು."

"ಕಂಡಿದ್ದೆ. ಶೇಟರ ಮಗಳು ಹೊಸ ಉಂಗುರ ಹಾಕ್ಯಂಡಿದ್ದಾಳೆ, ಚೆಂದದೆ ಅಂತ ದಾರೀಲಿ ನೆನಸ್ಕಂಡು ಹೋದೆ."

ವೈಜಯಂತಿ ಕಡ್ಡಿಗಳನ್ನು ಒಟ್ಟುಮಾಡಿ ಅವಳತ್ತ ಸರಿಸಿದಳು. "ನಾಡಿದ್ದು ಶಿರವಾಡದಲ್ಲಿ ನಿಶ್ಚಯ. ಎಲ್ಲರೂ ಸೇರ್ತಾರೆ. ನನ್ನ ಸಂಗಡ ಬಾ ಬೊಮ್ಮಕ್ಕಾ. ಅವರೆಲ್ಲರ ಎದ್ರಿಗೆ ಹೇಳ್ವಾ" ಎಂದಳು.

"ನಾ ಎಂತಕೆ ಬರ್ಲಿ? ಅವನ ಮೇಲಿನ ಸಿಟ್ಟು ನಿಂದು. ಹೊಡೂಕೆ ನನ್ನನ್ನ ಕೋಲು ಮಾಡ್ಕಬೇಡ." ಬೊಮ್ಮಿ ಕತ್ತಿ ಕೆಳಗಿಟ್ಟಳು. "ಬೀರಮ್ಮ ನನ್ನ ಸೆರಗು ಕೊಡವ್ಸಿದ್ದು ಅಂಗಳದಲ್ಲಿ. ಇದೂ ಅಂಗಳವೇ. ಅವಳೇ ಬಂದು ಇಲ್ಲಿ ನಿಂತು, ನಮ್ಮ ಕೇರಿಯವರಿಗೆ ಕೇಳೂ ಹಂಗೆ, ಬೊಮ್ಮಿ ತೆಗೀಲಿಲ್ಲ ಅನ್ಲಿ. ಬೇರೆ ಎಂಥದೂ ಬೇಡ ನಂಗೆ."

"ಹೇಳ್ತೆ."

"ನಿನ್ನ ಸುಳ್ಳೂ ಹೇಳು. ಅದೊಂದು ಬಿಟ್ಟು ಉಳಿದದ್ದೆಲ್ಲ ಹೇಳಿ ಬಂದ್ರೆ ಈ ಅಂಗಳಕ್ಕೆ ಮತ್ತೆ ಕಾಲು ಇಡಬೇಡ."

ನೀರು ಬೇಕಾ ಎಂದೂ ಬೊಮ್ಮಿ ಕೇಳಲಿಲ್ಲ. ಬಸ್ಸಿಗೆ ಕಾಯುತ್ತ ನಿಂತಾಗ ವೈಜಯಂತಿಗೆ ತನ್ನ ಹಗೆ ಹೊರಟಾಗಿನಷ್ಟು ಹಗುರವಾಗಿಲ್ಲವೆಂದು ಅನ್ನಿಸಿತು. ಅದರೊಳಗೆ ಈಗ ಅವಳದೇ ಸುಳ್ಳಿನ ತೂಕವೂ ಸೇರಿತ್ತು.

ಬೀರಮ್ಮನ ಮನೆಯಲ್ಲಿ ಒಂದು ರೂಢಿಯಿತ್ತು. ನಿಶ್ಚಯದ ಉಂಗುರವನ್ನು ಅಂಗಡಿಯಿಂದ ತರಿಸುತ್ತಿರಲಿಲ್ಲ. ಮಾಡಿದವರೇ ಚಪ್ಪರಕ್ಕೆ ಬಂದು ಹಿರಿಯರ ಕೈಗೆ ಕೊಡಬೇಕು, ಅಕ್ಕಿ ಕಾಯಿ ವೀಳ್ಯ ಪಡೆದು ಹೋಗಬೇಕು. ಆ ಬೆಳಿಗ್ಗೆ ಹೊರಡುವಾಗ ಸೋಮು ಶೇಟರು ಕಪಾಟಿನ ಮೂಲೆ ತಡವಿ ನೋಡಿ, ಬೆಂಕಿಪೆಟ್ಟಿಗೆ ಅಲ್ಲಿಲ್ಲವೆಂದು ತಿಳಿದುಕೊಂಡರು. ಅದು ಅಲ್ಲಿರುವುದು ಅವರಿಗೆ ಗೊತ್ತಿತ್ತೆಂದು ಅವಳಿಗೆ ತಿಳಿದದ್ದೇ ಆಗ.

"ಯಜಮಾನರ ಕೈಗೇ ಕೊಡ್ತ್ಯಲ್ಲ ಮಗಳೇ?" ಎಂದು ಮನೆಮಾತಾದ ಕೊಂಕಣಿಯಲ್ಲಿ ಕೇಳಿದರು.

"ಹ್ಞಾ ಬಾಪಾ."

"ಹಾಗಾದ್ರೆ ಹೋಗಿ ಬಾ."

ಶಿರವಾಡದ ಮನೆಯ ಮುಂದೆ ಚಪ್ಪರ. ಕುರ್ಚಿಗಳಲ್ಲಿ ಎರಡೂ ಕಡೆಯವರು. ಬೀರಮ್ಮ ಹೊಸ ಇಳಕಲ್ ಸೀರೆಯುಟ್ಟಿದ್ದಳು. ನಿತೇಶ ಬಿಳಿ ಅಂಗಿ ತೊಟ್ಟು ಮಣೆಯ ಮೇಲೆ ಕೂತಿದ್ದ. ವೈಜಯಂತಿಯನ್ನು ಕಂಡು ಅವನ ಕೈ ಕಾಲರಿನ ಗುಂಡಿಗೆ ಹೋಯಿತು.

"ತಂದ್ಯಾ? ಬಾ ಬಾ. ನೀ ಬರೂದು ತಡ ಆಯ್ತು ಅಂತ ನಮ್ಮ ಮದುಮಗ ಬೆವತುಹೋಗಿದ್ದ" ಎಂದು ಬೀರಮ್ಮ ನಕ್ಕಳು. ಉಂಗುರ ನೋಡಿ ಅವಳ ಮುಖ ಅರಳಿತು. ಪಕ್ಕದವರಿಗೆ ತೋರಿಸಿದಳು. "ನೋಡ್ರೇ, ಶೇಟರ ಮಗಳ ಕೈ ಅಂದ್ರೆ ಇದು." ಅಕ್ಕಿ ಕಾಯಿಯ ತಟ್ಟೆ ಎತ್ತಿದಳು.

"ತಟ್ಟೆ ಇರ್ಲಿ ಅಕ್ಕಾ. ಇನ್ನೊಂದು ಉಂಟು. ಇದೂ ನಿಮ್ದೇ" ಎಂದು ವೈಜಯಂತಿ ಕಾಗದದ ಪೊಟ್ಟಣವನ್ನು ಅವಳ ಅಂಗೈಯಲ್ಲಿಟ್ಟಳು.

ಬೀರಮ್ಮ ಬಿಚ್ಚಿದಳು. ಏಳು ಮುತ್ತು. ಬೆರಳಿನಿಂದ ಹೊರಳಿಸಿದಳು. ಕಂದು ಚುಕ್ಕೆಯ ಮುತ್ತು ಮೇಲೆ ಬಂದಾಗ ಬೆರಳು ನಿಂತಿತು.

"ಇದು ನನ್ನ ಅವ್ವಿ ಬುಗುಡಿದು." ಸ್ವರ ಏರಿತು. "ಎಲ್ಲಿ ಸಿಕ್ತೇ? ಆ ಬೊಮ್ಮಿ ನಿಮ್ಮಲ್ಲಿ ತಂದು ಕೊಟ್ಟಿದ್ಲಾ? ನಾ ಹೇಳಿರ್ಲಿಲ್ಲನೆ!"

"ಬೊಮ್ಮಕ್ಕ ಅಲ್ಲ. ತಂದಂವ ಮಣೆ ಮೇಲೆ ಕೂತಿದ್ದಾನೆ."

ವೈಜಯಂತಿ ಸೆರಗಿನ ಗಂಟು ಬಿಚ್ಚಿ ತೆಳ್ಳಗಿನ ಉಂಗುರವನ್ನು ಮುತ್ತುಗಳ ಪಕ್ಕದಲ್ಲಿಟ್ಟಳು. "ಆ ಬುಗುಡಿ ಚಿನ್ನ ಇದು. ನಂಗೆ ಮಾತು ಕೊಡೂಕೆ ಮಾಡ್ಸಿದ್ದು. ಮಾಡಿದವಳೂ ನಾನೇ, ಹಾಕ್ಯಂಡವಳೂ ನಾನೇ. ಬೊಮ್ಮಕ್ಕ ಮಳೇಲಿ ಬಂದು, ಯಾರು ತಂದದ್ದು ಹೇಳು ಅಂತ ಕೇಳಿದ್ಲು. ಯಾರೂ ಬರ್ಲಿಲ್ಲ ಅಂದೆ. ಇವನಿಗೋಸ್ಕರ ಸುಳ್ಳು ಹೇಳಿದೆ."

ವಿಜೇತಾ ಬಗ್ಗಿ ನೋಡಿದಳು. "ಇದು ಅಂದು ನಂಗೆ ಸಮಾ ಆದದ್ದಲ್ಲ? ಗಿರಾಕಿ ಬಿಟ್ಟುಹೋದದ್ದು ಅಂದಿದ್ರಿ."

"ಹೌದು ತಂಗಿ. ಆ ಗಿರಾಕಿ ನಾನು."

ವಿಜೇತಾ ಮುಂದೆ ಚಾಚಿದ್ದ ಕೈಯನ್ನು ಹಿಂದೆಗೆದು ಮಡಿಲಲ್ಲಿಟ್ಟುಕೊಂಡಳು. ಅಂದು ಮಳೆಗಾಲದಲ್ಲಿ ಬೊಮ್ಮಿಯ ಎದುರು ತಾನು ಕೈ ಎಳೆದುಕೊಂಡ ಹಾಗೆಯೇ ಎಂದು ವೈಜಯಂತಿಗೆ ಅನ್ನಿಸಿತು. ನಿತೇಶನ ಮುಖದ ಬಣ್ಣ ಇಳಿಯುವುದನ್ನು ಅವಳು ಅವಸರವಿಲ್ಲದೆ, ಕಣ್ಣು ಕೀಳದೆ ನೋಡಿದಳು. ಇಷ್ಟು ದಿನ ಇದಕ್ಕೆಂದೇ ಊದಿದ್ದಳು.

"ವೈಜು, ಇಲ್ಲಿ ಬೇಡ. ಒಳಗೆ ಬಾ, ಮಾತಾಡ್ವಾ" ಎಂದು ಅವನು ಎದ್ದ.

"ಬೊಮ್ಮಕ್ಕನ್ನ ಒಳಗೆ ಕರೆದು ಕೇಳಿದ್ರಾ? ಅಂಗಳದಲ್ಲೇ ಅಲ್ದಾ?"

ಬೀರಮ್ಮನ ಅಂಗೈ ಇನ್ನೂ ಚಾಚಿಯೇ ಇತ್ತು. ಅವಳು ಮಗನನ್ನು ನೋಡಲಿಲ್ಲ, ಮುತ್ತುಗಳನ್ನೇ ನೋಡುತ್ತಿದ್ದಳು. "ಇಪ್ಪತ್ತು ವರ್ಷ ನನ್ನ ಮನೇಲಿದ್ಲು" ಎಂದಳು ಮೆಲ್ಲಗೆ. ಆಮೇಲೆ, "ಹಿಲ್ಲೂರಿಗೆ ಯಾರನ್ನಾದ್ರೂ ಕಳಿಸ್ತೆ. ಒಂದು ಸೀರೆ..."

"ಸೀರೆ ಬೇಡಂತೆ, ಯಾರೂ ಬೇಡಂತೆ. ನೀವೇ ಅವಳ ಅಂಗಳಕ್ಕೆ ಬಂದು, ಬೊಮ್ಮಿ ತೆಗೀಲಿಲ್ಲ ಅಂತ ಹತ್ತು ಜನಕ್ಕೆ ಕೇಳೂ ಹಂಗೆ ಹೇಳಬೇಕಂತೆ. ಮಧ್ಯಾಹ್ನ ಮೂರೂವರೆಗೆ ಅಂಕೋಲೆಯಿಂದ ಬಸ್ಸುಂಟು. ನಾ ಅದರಲ್ಲೇ ಹೋಗ್ತೆ."

"ನೀ ಏನು ದೊಡ್ಡ ಸಾಚಾ?" ನಿತೇಶನ ಸ್ವರ ಒಡೆದಿತ್ತು. "ಗೊತ್ತಿದ್ದೂ ಐದು ವರ್ಷ ಬಾಯಿ ಮುಚ್ಕಂಡು ಇದ್ಯಲ್ಲ. ಇವತ್ತು ನನ್ನ ನಿಶ್ಚಯದ ದಿವಸವೇ ನಿಂಗೆ ನೆನಪಾಯ್ತಾ? ನಾ ಬಿಟ್ಟೆ ಅಂತ ಸಿಟ್ಟು ನಿಂಗೆ, ಅಷ್ಟೇ. ಬೊಮ್ಮಿ ಹೆಸರು ಬರೇ ನೆಪ..."

ಅದರಲ್ಲಿ ಅರ್ಧ ನಿ‌ಜವಿತ್ತು. ಅದಕ್ಕೆ ಉತ್ತರ ಕೊಡಬೇಕಾದ ಅಂಗಳ ಹಿಲ್ಲೂರಿನದು, ಇದಲ್ಲ. ವೈಜಯಂತಿ ತಟ್ಟೆಯನ್ನು ಮುಟ್ಟದೆ ಚಪ್ಪರದ ಅಂಚಿಗೆ ಬಂದು ಚಪ್ಪಲಿ ಮೆಟ್ಟಿದಳು. ಹಿಂದೆ ಅವನು, "ಕೇಳು, ನಾ ಹೇಳೂದು ಇನ್ನೂ ಮುಗೀಲಿಲ್ಲ, ಕೇಳೇ, ಅಂದು ಕಡಲದಂಡೇಲಿ ನಾನು..." ಎನ್ನುತ್ತಲೇ ಇದ್ದ. ಅವಳು ಗೇಟು ದಾಟಿ ಬಸ್ಸಿನ ರಸ್ತೆಗೆ ನಡೆದಳು.